ಮೂರು ರಾತ್ರಿಗೆ ಹೋಗಿ ಹತ್ತು ರಾತ್ರಿ ಉಳಿದೆವು: ಲಾಹೌಲ್‌ನ ಒಂದು ಹೋಂಸ್ಟೇ ಕುರಿತು

ಹಿಮಾಚಲದ ಲಾಹೌಲ್ ಕಣಿವೆಯಲ್ಲಿ, ಕೇಲಾಂಗ್ ಪಟ್ಟಣ ಸಿಗುವುದಕ್ಕೆ ಸ್ವಲ್ಪ ಮೊದಲು, ಹೆದ್ದಾರಿಯಿಂದ ಕಾಲು ಗಂಟೆ ಏರಿದರೆ ಸಿಗುವ ಈ ಹೋಂಸ್ಟೇಗೆ ನಾನು, ನನ್ನ ಹೆಂಡತಿ ಮತ್ತು ಭಾಮೈದ 2025ರ ಫೆಬ್ರುವರಿ 25ರ ಮಧ್ಯಾಹ್ನ ತಲುಪಿದೆವು. ಮೂರು ರಾತ್ರಿಗೆ ಹಣ ಕಟ್ಟಿದ್ದ ನಾವು ಹತ್ತು ರಾತ್ರಿ ಕಳೆದು ಮಾರ್ಚ್ 7ರ ಬೆಳಗಿನ ಜಾವ ಅಲ್ಲಿಂದ ಹೊರಟೆವು. ಹೀಗಾಗಿ ಈ ಅಭಿಪ್ರಾಯವನ್ನು ಹಾಸಿಗೆ, ಊಟ, ಬಿಸಿನೀರು ಎಂಬ ರೂಢಿಯ ಲೆಕ್ಕದಲ್ಲಿ ಬರೆಯುವುದು ನನ್ನಿಂದ ಸಾಧ್ಯವಾಗುತ್ತಿಲ್ಲ.

ಊಟ, ವಸತಿಯ ಮಾತನ್ನು ಮೊದಲು ಮುಗಿಸುತ್ತೇನೆ. ಕೊಠಡಿ ಚಿಕ್ಕದು, ಸ್ವಚ್ಛವಾಗಿದೆ, ರಜಾಯಿಗಳು ಎತ್ತಲಾರದಷ್ಟು ಭಾರ. ಬೆಳಿಗ್ಗೆ ರೊಟ್ಟಿ, ಆಲೂಗಡ್ಡೆ ಪಲ್ಯ. ರಾತ್ರಿ ರಾಜ್ಮಾ, ಅನ್ನ, ಒಂದೆರಡು ದಿನ ಥುಕ್ಪಾ ಎಂಬ ನೂಡಲ್ಸ್ ಸಾರು. ಲಾಹೌಲ್‌ನ ಆಲೂಗಡ್ಡೆಗೆ ಹೆಸರಿದೆಯೆಂದು ಕೇಳಿದ್ದೆ, ಹತ್ತು ದಿನ ಅದನ್ನೇ ತಿಂದ ಮೇಲೂ ಆ ಹೆಸರು ಸುಳ್ಳೆಂದು ಹೇಳಲಾರೆ. ದಿನಕ್ಕೆ ತಲಾ 1,500 ರೂಪಾಯಿಗೆ ಇವೆಲ್ಲವೂ ನ್ಯಾಯವಾದ ದರವೇ. ನಲ್ಲಿಯಲ್ಲಿ ನೀರು ಬರುವುದಿಲ್ಲ, ಏಕೆಂದರೆ ಕೊಳವೆಯೇ ಹೆಪ್ಪುಗಟ್ಟಿರುತ್ತದೆ. ಒಲೆಯ ಮೇಲಿನ ಪಾತ್ರೆಯಲ್ಲಿ ಹಿಮ ಕರಗಿಸಿ ನೀರು ಮಾಡಿ ಕೊಡುತ್ತಾರೆ. ಒಂದು ಬಿಂದಿಗೆ ನೀರಿಗೆ ಎಷ್ಟು ಹಿಮ ತುಂಬಬೇಕೆಂದು ಒಮ್ಮೆ ಕಣ್ಣಾರೆ ಕಂಡ ಮೇಲೆ ಸ್ನಾನದ ಆಸೆಯನ್ನು ನಾವೇ ಬಿಟ್ಟೆವು.

ಇನ್ನು ಈ ಮನೆ ನಿಂತಿರುವ ಜಾಗದ ಮಾತು. ಮೊದಲ ದಿನ ನನಗೆ ಇದೇ ದೊಡ್ಡ ಕೊರತೆಯಾಗಿ ಕಂಡಿತ್ತು. ಕೆಳಗೆ ರಸ್ತೆಯ ಪಕ್ಕದಲ್ಲಿ ಗಾಜಿನ ಗೋಡೆಗಳ ಹೊಸ ಹೋಟೆಲುಗಳಿವೆ, ಅವುಗಳಿಂದ ಇಡೀ ಪರ್ವತ ಕಾಣುತ್ತದೆ. ಈ ಮನೆಯಿಂದ ಕಾಣುವುದು ಪಕ್ಕದ ದಿಣ್ಣೆ ಮತ್ತು ನೆರೆಯವರ ಚಾವಣಿ ಮಾತ್ರ. ಈ ಬಗ್ಗೆ ಕೇಳಿದಾಗ ಎಪ್ಪತ್ತು ದಾಟಿದ ಮನೆಯ ಯಜಮಾನರು ನನ್ನನ್ನು ಅಂಗಳಕ್ಕೆ ಕರೆದೊಯ್ದು ಊರಿನ ಮೇಲಿನ ಬೆಟ್ಟದಲ್ಲಿ ತುದಿಯಿಂದ ಕೆಳಗಿನವರೆಗೆ ಮರವೇ ಇಲ್ಲದ ಎರಡು ಉದ್ದನೆಯ ಪಟ್ಟೆಗಳನ್ನು ತೋರಿಸಿದರು. ಅವು ಹಿಮ ಇಳಿಯುವ ದಾರಿಗಳು. ಈ ಮನೆಯಿರುವ ಹಳೆಯ ಊರು ಆ ಎರಡರ ನಡುವಿನ ದಿಣ್ಣೆಯ ಮರೆಯಲ್ಲಿದೆ. 1979ರ ಮಾರ್ಚ್‌ನಲ್ಲಿ ಲಾಹೌಲ್‌ನಲ್ಲಿ ಹಿಮ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತಾಗ ಅವರು ಹರೆಯದವರು. ಮನೆ ಎಲ್ಲಿ ಕಟ್ಟಬೇಕೆಂಬುದನ್ನು ಹಿರಿಯರು ಹೇಳಿದ್ದರು, ಎಲ್ಲಿ ಕಟ್ಟಬಾರದೆಂಬುದನ್ನು ಆ ವರ್ಷ ತಾವೇ ನೋಡಿದರಂತೆ.

ಫೆಬ್ರುವರಿ 26ರ ಶಿವರಾತ್ರಿಯ ಜಾಗರಣೆಯನ್ನು ನಾವು ಬೇಕೆಂದು ಮಾಡಲಿಲ್ಲ, ಗಾಳಿಯ ಸದ್ದಿಗೆ ನಿದ್ದೆ ಹತ್ತಲಿಲ್ಲ. ಮೆಡಿಟರೇನಿಯನ್ ಕಡೆಯಿಂದ ಹೊರಟು ಇರಾನ್, ಅಫ್ಘಾನಿಸ್ತಾನ ದಾಟಿ ಬರುವ ‘ಪಶ್ಚಿಮದ ಅವಾಂತರ’ವೆಂಬ ವಾಯುಭಾರ ಕುಸಿತವೇ ಇಲ್ಲಿ ಚಳಿಗಾಲದ ಹಿಮಕ್ಕೆ ಕಾರಣ. ಆ ವರ್ಷ ಜನವರಿಯೆಲ್ಲ ಹಿಮಾಚಲದಲ್ಲಿ ಹಿಮ ತೀರ ಕಡಿಮೆಯಾಗಿದ್ದು, ಬಾಕಿಯೆಲ್ಲವೂ ಫೆಬ್ರುವರಿಯ ಕೊನೆಯ ಮೂರು ದಿನಗಳಲ್ಲಿ ಒಟ್ಟಿಗೆ ಬಂದಂತಿತ್ತು. 28ರ ಬೆಳಿಗ್ಗೆ ಅಂಗಳದ ಹಿಮ ನನ್ನ ಸೊಂಟದ ಮಟ್ಟಕ್ಕಿತ್ತು. ವಿದ್ಯುತ್ ಇಲ್ಲ, ಫೋನ್ ಇಲ್ಲ.

ಈ ಮನೆಯ ಬಾಗಿಲು ಒಳಕ್ಕೆ ತೆರೆಯುತ್ತದೆ. ಹೊರಕ್ಕೆ ತೆರೆಯುವಂತಿದ್ದರೆ ಆ ದಿನ ನಾವು ಒಳಗೇ ಇರುತ್ತಿದ್ದೆವು. ಅಗಲ ಬಾಯಿಯ ಮರದ ಸಲಿಕೆಗಳನ್ನು ಅಂಗಳದಲ್ಲಿಡದೆ ಬಾಗಿಲ ಒಳಬದಿಯಲ್ಲಿ ಒರಗಿಸಿಡುತ್ತಾರೆ, ಅವುಗಳ ಅಂಚಿಗೆ ತಗಡಿನ ಪಟ್ಟಿ ಹೊಡೆದಿದೆ. ಯಜಮಾನರ ಸೊಸೆ ಬಾಗಿಲು ತೆಗೆದು, ಎದುರಿಗೆ ಗೋಡೆಯಂತೆ ನಿಂತಿದ್ದ ಹಿಮಕ್ಕೆ ಮೆಟ್ಟಿಲು ಕಡಿಯುತ್ತ ಹೊರಗೆ ಹತ್ತಿದರು. ಮಟ್ಟಸ ಚಾವಣಿಯ ಮೇಲಿನ ಹಿಮವನ್ನು ದಿನಕ್ಕೆ ಮೂರು ಬಾರಿ ತಳ್ಳಬೇಕು, ಬಿಟ್ಟರೆ ತೊಲೆ ಮುರಿಯುತ್ತದೆ. ಭಾಮೈದ ತೀರ್ಥಹಳ್ಳಿಯ ಕಡೆಯವನು, ಹೆಂಚಿನ ಮಾಡು ಹತ್ತಿ ಅಭ್ಯಾಸವಿದ್ದವನು. ಎರಡನೇ ದಿನದಿಂದ ಅವನೂ ಸಲಿಕೆ ಹಿಡಿದ. ಮೂರು ಸಾವಿರ ಮೀಟರ್ ಎತ್ತರದಲ್ಲಿ ಹತ್ತು ಸಲಿಕೆ ಹಿಮ ಎತ್ತಿದರೆ ಉಸಿರು ಕಟ್ಟುತ್ತದೆಯೆಂಬುದು ಅವನಿಗೆ ಆಗ ತಿಳಿಯಿತು.

ಮನೆ ಬೆಚ್ಚಗಿಡುವ ಕ್ರಮವನ್ನೂ ಹೇಳಬೇಕು. ಮನಾಲಿಯಲ್ಲಿ ನಾವು ಮೊದಲ ರಾತ್ರಿ ತಂಗಿದ್ದ ಹೋಟೆಲಿನಲ್ಲಿ ಕಿಟಕಿ ಬಾಗಿಲು ಮುಚ್ಚಿದ ಕೊಠಡಿಗೆ ಗ್ಯಾಸ್ ಹೀಟರ್ ತಂದಿಟ್ಟು ‘ರಾತ್ರಿಯಿಡೀ ಇರಲಿ ಸಾರ್’ ಎಂದಿದ್ದರು. ಗಾಳಿಯಾಡದ ಕೊಠಡಿಯಲ್ಲಿ ಇಂಗಾಲದ ಮೋನಾಕ್ಸೈಡ್ ತುಂಬಿದರೆ ಬಣ್ಣ, ವಾಸನೆಯಿಲ್ಲದ ಆ ಅನಿಲ ಮಲಗಿದ್ದವರನ್ನು ಮಲಗಿದ್ದಂತೆಯೇ ಕೊಲ್ಲುತ್ತದೆ. ಈ ಮನೆಯಲ್ಲಿ ಎಲ್ಲರೂ ಕೂಡುವ ನಡುಮನೆಯಲ್ಲಿ ತಂದೂರ್ ಎಂದು ಕರೆಯುವ ಕಬ್ಬಿಣದ ಒಲೆಯೊಂದಿದೆ, ಅದರ ಹೊಗೆ ಕೊಳವೆ ಚಾವಣಿ ದಾಟಿ ಹೊರಗೆ ಹೋಗುತ್ತದೆ. ರಾತ್ರಿ ಒಂಬತ್ತಕ್ಕೆ ಸೌದೆ ಹಾಕುವುದನ್ನು ನಿಲ್ಲಿಸುತ್ತಾರೆ. ಚಳಿಗೆ ರಜಾಯಿಯೇ ಗತಿ. ನನ್ನ ಹೆಂಡತಿ ಇನ್ನೆರಡು ಕೊರಡು ಹಾಕಿರೆಂದು ಎಷ್ಟು ಕೇಳಿಕೊಂಡರೂ ಯಜಮಾನರು ಒಪ್ಪಲಿಲ್ಲ.

ಮಾರ್ಚ್ 1ರಂದು ಮೋಡ ಸರಿದು ಬಿಸಿಲು ಬಂತು. ಹೊರಡಲು ಚೀಲ ಕಟ್ಟಿಕೊಂಡು ನಿಂತ ನಮ್ಮನ್ನು ಅವರು ಗದರಿಯೇ ಒಳಗೆ ಕಳುಹಿಸಿದರು. ಆಗ ಸಿಟ್ಟು ಬಂದದ್ದು ನಿಜ. ಆದರೆ ಚಳಿಗಾಲದ ಕೊನೆಯಲ್ಲಿ ಎಲ್ಲಕ್ಕಿಂತ ಅಪಾಯದ ಹೊತ್ತೆಂದರೆ ಹಿಮ ಸುರಿಯುವಾಗ ಮತ್ತು ಸುರಿದು ನಿಂತ ಮೇಲಿನ ಮೊದಲ ಒಂದೆರಡು ದಿನ. ತೆಳುವಾದ ಹಳೆಯ ಹಿಮದ ಬುಡ ಕೊರೆಯುವ ಚಳಿಗೆ ಸಕ್ಕರೆಯಂತೆ ಬಿಡಿಬಿಡಿಯಾಗಿರುತ್ತದೆ. ಅದರ ಮೇಲೆ ಮೂರೇ ದಿನದಲ್ಲಿ ನಾಲ್ಕಡಿ ಹೊಸ ಹಿಮ ಕೂತರೆ ಹಿಡಿತ ಸಿಗುವುದಿಲ್ಲ. ಜೊತೆಗೆ ಮಾರ್ಚ್‌ನ ಬಿಸಿಲು ಕರಗಿಸಿದ ನೀರು ಒಳಗಿಳಿದರೆ ಮೂವತ್ತರಿಂದ ನಲವತ್ತೈದು ಡಿಗ್ರಿ ಇಳಿಜಾರಿನಲ್ಲಿ ಇಡೀ ಹಾಸೇ ಜಾರುತ್ತದೆ. ಆ ಮಧ್ಯಾಹ್ನ ಎರಡರ ಸುಮಾರಿಗೆ, ಲಾರಿಯಿಂದ ಜಲ್ಲಿ ಸುರಿದಂಥ ಸದ್ದು ಕೇಳಿ ಹೊರಗೆ ಬಂದಾಗ, ಆ ಬೆಟ್ಟದ ಎಡಗಡೆಯ ಪಟ್ಟೆಯಲ್ಲಿ ಬಿಳಿಯ ಧೂಳು ಏಳುತ್ತಿತ್ತು. ಅದು ರಸ್ತೆಯನ್ನು ದಾಟಿ ನದಿಯವರೆಗೂ ಹೋಯಿತು. ಚೀಲಗಳನ್ನು ಬಿಚ್ಚಿಟ್ಟೆವು.

ಎರಡು ದಿನದ ನಂತರ ಫೋನ್ ಸ್ವಲ್ಪ ಹೊತ್ತು ಹಿಡಿದಾಗ ನಮ್ಮ ಅತ್ತೆಯವರ ಅಳು ಕೇಳಿಸಿತು. ಫೆಬ್ರುವರಿ 28ರಂದು ಉತ್ತರಾಖಂಡದ ಬದರಿನಾಥದ ಬಳಿಯ ಮಾಣಾದಲ್ಲಿ ಹಿಮ ಕುಸಿದು ಗಡಿ ರಸ್ತೆಗಳ ಸಂಸ್ಥೆಯ ಶಿಬಿರದ 54 ಕಾರ್ಮಿಕರು ಸಿಲುಕಿದ್ದರು. 46 ಮಂದಿಯನ್ನು ಉಳಿಸಲಾಯಿತು, ಎಂಟು ಮಂದಿ ಸತ್ತರು. ಊರಿನಲ್ಲಿ ‘ಹಿಮಪಾತ’ ಎಂದು ಓದಿದವರಿಗೆ ನಾವೂ ಅದರಲ್ಲಿ ಸೇರಿದ್ದೇವೆನ್ನಿಸಿದೆ. ಹಿಮ ಬೀಳುವುದಕ್ಕೂ ಹಿಮ ಕುಸಿಯುವುದಕ್ಕೂ ನಮ್ಮ ಪತ್ರಿಕೆಗಳು ಎಷ್ಟೋ ಬಾರಿ ಇದೊಂದೇ ಪದ ಬಳಸುವುದು ಎಷ್ಟು ತೊಂದರೆಯೆಂಬುದು ನನಗೆ ಅಂದು ಅರ್ಥವಾಯಿತು. ಅತ್ತೆಯವರ ಮನಸ್ಸಿನಲ್ಲಿ ಆ ಪದಕ್ಕಿರುವ ಅರ್ಥ 2016ರದು: ಆ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮದಡಿ ಆರು ದಿನ ಜೀವ ಹಿಡಿದಿದ್ದು, ಹೊರತೆಗೆದ ಮೇಲೆ ದೆಹಲಿಯ ಆಸ್ಪತ್ರೆಯಲ್ಲಿ 11ರಂದು ತೀರಿಕೊಂಡ ಧಾರವಾಡ ಜಿಲ್ಲೆ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರ ಸಾವು.

ಈ ಮನೆಯ ಕೊರತೆಗಳೂ ಇವೆ. ಶೌಚಾಲಯ ಹೊರಗಿದ್ದು, ಅಲ್ಲಿಗೆ ಹೋಗುವ ಇಪ್ಪತ್ತು ಹೆಜ್ಜೆಯ ದಾರಿ ರಾತ್ರಿ ಗಾಜಿನಂತೆ ಜಾರುತ್ತದೆ. ಬೂದಿ ಚೆಲ್ಲುತ್ತಾರೆ, ಆದರೆ ಹಿಡಿದುಕೊಳ್ಳಲು ಒಂದು ಹಗ್ಗವನ್ನಾದರೂ ಕಟ್ಟಬೇಕಿತ್ತು. ನನ್ನ ಹೆಂಡತಿ ಎರಡು ಬಾರಿ ಬಿದ್ದಳು. ಸೌದೆಗೆ ದಿನಕ್ಕೆ 300 ರೂಪಾಯಿ ಪ್ರತ್ಯೇಕವೆಂದು ಮೊದಲೇ ತಿಳಿಸಲಿಲ್ಲ. ಜಾಹೀರಾತಿನ ಚಿತ್ರಗಳೆಲ್ಲ ಜುಲೈ ತಿಂಗಳವು. ಹಸಿರು ಹೊಲ, ಹೂವು. ಔಷಧಿ ಪೆಟ್ಟಿಗೆಯಲ್ಲಿ ನೋವಿನ ಮಾತ್ರೆಗಿಂತ ಹೆಚ್ಚೇನೂ ಇರಲಿಲ್ಲ. ಹೆಚ್ಚಿನ ಏಳು ರಾತ್ರಿಗೆ ಅರ್ಧ ದರವನ್ನಷ್ಟೇ ತೆಗೆದುಕೊಂಡರು ಎಂಬುದನ್ನೂ ಇಲ್ಲೇ ಸೇರಿಸುತ್ತೇನೆ.

ಹೊರಡುವ ದಿನವನ್ನು ನಿರ್ಧರಿಸಿದವರು ಯಜಮಾನರೇ. ರಕ್ಷಣಾ ಸಂಶೋಧನಾ ಸಂಸ್ಥೆಯ ಹಿಮಕುಸಿತ ಮುನ್ಸೂಚನೆಯನ್ನು ಅವರ ಮೊಮ್ಮಗ ಫೋನಿನಲ್ಲಿ ನೋಡಿ, ಅಪಾಯದ ಮಟ್ಟ ಸೂಚಿಸುವ ಬಣ್ಣ ಯಾವುದೆಂದು ಹೇಳುತ್ತಿದ್ದ. ಅವರು ಅದನ್ನು ಕೇಳಿಸಿಕೊಂಡು ಮತ್ತೊಮ್ಮೆ ಅಂಗಳಕ್ಕೆ ಹೋಗಿ ಆ ಎರಡು ಪಟ್ಟೆಗಳನ್ನು ನೋಡಿ ಬರುತ್ತಿದ್ದರು. 7ರಂದು ನಸುಕಿನ ಐದಕ್ಕೆ, ರಾತ್ರಿಯ ಚಳಿಗೆ ಹಿಮ ಇನ್ನೂ ಕಲ್ಲಿನಂತಿದ್ದಾಗ ನಮ್ಮನ್ನು ಜೀಪಿಗೆ ಹತ್ತಿಸಿದರು. ಡೋಜರ್‌ಗಳು ಕೊರೆದ ಒಂದೇ ಗಾಡಿಯ ಅಗಲದ ಓಣಿಯಲ್ಲಿ, ಎರಡೂ ಬದಿ ಜೀಪಿಗಿಂತ ಎತ್ತರದ ಹಿಮದ ಗೋಡೆಗಳ ನಡುವೆ ಸಾಗಿ, 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗವನ್ನು ಬಿಸಿಲೇರುವ ಮೊದಲೇ ದಾಟಿದೆವು. 2020ರ ಅಕ್ಟೋಬರ್‌ನಲ್ಲಿ ಈ ಸುರಂಗ ತೆರೆಯುವವರೆಗೆ ಹಿಮಕ್ಕೆ ರೋಹ್ತಾಂಗ್ ಘಟ್ಟದ ದಾರಿ ಮುಚ್ಚಿದರೆ ಲಾಹೌಲ್ ತಿಂಗಳುಗಟ್ಟಲೆ ಪ್ರತ್ಯೇಕವಾಗಿರುತ್ತಿತ್ತು, ನಮ್ಮಂಥವರು ಫೆಬ್ರುವರಿಯಲ್ಲಿ ಅಲ್ಲಿಗೆ ಹೋಗುವ ಪ್ರಶ್ನೆಯೇ ಇರಲಿಲ್ಲ.

ಮನೆಗೆ ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ಆ ಹಗ್ಗ ಕಟ್ಟಿದ ದಿನ ಉಳಿದ ಅರ್ಧವನ್ನೂ ಸೇರಿಸುತ್ತೇನೆ. ಇದನ್ನು ನಮಗೆ ಗೊತ್ತುಮಾಡಿಕೊಟ್ಟ ಬೆಂಗಳೂರಿನ ಪ್ರವಾಸ ಏಜೆಂಟರಿಗೆ ಅಂಕ ಕೊಡುವುದು ಕಷ್ಟ. ಅವರ ಪಟ್ಟಿಯಲ್ಲಿ ‘ಸಿಸ್ಸು ಜಲಪಾತ ವೀಕ್ಷಣೆ, ಅರ್ಧ ದಿನ’ ಎಂದಿತ್ತು. ದೇವರ ಹಬ್ಬಗಳಿಗಾಗಿ ಸಿಸ್ಸು ಸುತ್ತಿನ ಊರಿನವರು ಫೆಬ್ರುವರಿ ಮುಗಿಯುವವರೆಗೆ ಪ್ರವಾಸಿಗರನ್ನು ನಿಲ್ಲಗೊಡುವುದಿಲ್ಲವೆಂಬುದನ್ನು ನಾವು ಜೀಪಿನ ಚಾಲಕರಿಂದ, ಅಲ್ಲಿ ನಿಲ್ಲಿಸದೆ ಮುಂದೆ ಹೋಗುವಾಗ ತಿಳಿದುಕೊಂಡೆವು. ಆ ಅರ್ಧ ದಿನಕ್ಕೆ ಕಟ್ಟಿದ 2,400 ರೂಪಾಯಿ ಇನ್ನೂ ಹಿಂದಿರುಗಿಲ್ಲ.