ರಿಮೋಟ್ ದೋಣಿಯ ಮುಚ್ಚಳಕ್ಕೆ ಯಾವ ಟೇಪ್ ಒಳ್ಳೆಯದು?

ರೇಡಿಯೊ ನಿಯಂತ್ರಣದ ಮಾದರಿ ದೋಣಿಯಲ್ಲಿ ಬೆಲೆಬಾಳುವ ಭಾಗಗಳೆಲ್ಲ, ಅಂದರೆ ಮೋಟಾರ್, ಸ್ಪೀಡ್ ಕಂಟ್ರೋಲರ್, ರಿಸೀವರ್, ಚುಕ್ಕಾಣಿ ತಿರುಗಿಸುವ ಸರ್ವೊ, ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ, ಡೆಕ್ಕಿನ ಮೇಲಿನ ಒಂದೇ ಮುಚ್ಚಳದ ಕೆಳಗಿರುತ್ತವೆ. ಹ್ಯಾಚ್ ಎಂದು ಕರೆಯುವ ಈ ಮುಚ್ಚಳವನ್ನು ಬ್ಯಾಟರಿ ಬದಲಿಸುವಾಗಲೆಲ್ಲ ತೆಗೆಯಬೇಕು, ನೀರು ನುಗ್ಗದ ಹಾಗೆ ಮತ್ತೆ ಮುಚ್ಚಬೇಕು. ಆಯಸ್ಕಾಂತದಿಂದಲೋ ಸ್ಕ್ರೂಗಳಿಂದಲೋ ಎಷ್ಟೇ ಬಿಗಿಯಾಗಿ ಕೂರಿಸಿದರೂ, ವೇಗದ ದೋಣಿಯೊಂದು ತಿರುವಿನಲ್ಲಿ ಮಗುಚಿಕೊಂಡರೆ ಸಂದಿಯಿಂದ ನೀರು ಒಳಗಿಳಿಯುತ್ತದೆ. ಆದ್ದರಿಂದ ಸಂದಿಯ ಸುತ್ತಲೂ ಟೇಪ್ ಹಚ್ಚುವುದು ಈ ಹವ್ಯಾಸದವರಲ್ಲಿ ಹಳೆಯ ರೂಢಿ. ಬೆಂಗಳೂರಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಟೇಪುಗಳನ್ನು ಫೈಬರ್‌ಗ್ಲಾಸ್ ಒಡಲಿನ ಒಂದು ದೋಣಿಯ ಮೇಲೆ ಮತ್ತು ಎಬಿಎಸ್ ಪ್ಲಾಸ್ಟಿಕ್ಕಿನ ಇನ್ನೊಂದರ ಮೇಲೆ ಬಳಸಿ ನೋಡಿ ಬರೆದ ವಿಮರ್ಶೆ ಇದು. ಎರಡೂ ಬ್ಯಾಟರಿಯಿಂದ ಓಡುವಂಥವು. ಮೆಥನಾಲ್ ಇಂಧನದ ದೋಣಿಗಳಿಗೆ ಇಲ್ಲಿನ ಮಾತು ಪೂರ್ತಿಯಾಗಿ ಅನ್ವಯಿಸುವುದಿಲ್ಲ. ಆ ಇಂಧನವೂ ಅದರಲ್ಲಿರುವ ಎಣ್ಣೆಯೂ ಡೆಕ್ಕಿನ ಮೇಲೆ ಚೆಲ್ಲಿ ಅಂಟನ್ನು ಸಡಿಲಿಸುತ್ತವೆ.

ಸುಲ್ತಾನ್‌ಪೇಟೆಯ ಪ್ಯಾಕಿಂಗ್ ಸಾಮಾನಿನ ಅಂಗಡಿಗೋ ಎಸ್.ಪಿ. ರಸ್ತೆಯ ಎಲೆಕ್ಟ್ರಿಕಲ್ ಅಂಗಡಿಗೋ ಹೋಗಿ ನೀರಿಗೆ ನಿಲ್ಲುವ ಟೇಪ್ ಬೇಕೆಂದು ಕೇಳಿದರೆ, "ಇದು ತಗೊಳ್ಳಿ ಸರ್, ಸಖತ್ ಸ್ಟ್ರಾಂಗು, ಎಷ್ಟು ಎಳೆದ್ರೂ ಬಿಡಲ್ಲ" ಎಂದು ಅತ್ಯಂತ ಗಟ್ಟಿಯಾಗಿ ಹಿಡಿಯುವ ಟೇಪನ್ನೇ ಮುಂದಿಡುತ್ತಾರೆ. ಪೆಟ್ಟಿಗೆ ಕಟ್ಟುವವರಿಗೆ ಆ ಮಾತು ಸರಿ. ದೋಣಿಯ ಮುಚ್ಚಳಕ್ಕೆ ಅಷ್ಟು ಹಿಡಿತ ಬೇಡ, ಏಕೆಂದರೆ ಅರ್ಧ ಗಂಟೆಯೊಳಗೆ ಅದನ್ನು ಕೈಯಿಂದಲೇ ಕಿತ್ತು ತೆಗೆಯಬೇಕಾಗುತ್ತದೆ, ಕಿತ್ತಾಗ ಬಣ್ಣ ಏಳಬಾರದು, ಅಂಟು ಉಳಿಯಬಾರದು. ಅದಕ್ಕಿಂತ ಮುಖ್ಯವಾಗಿ ದೋಣಿಯ ಡೆಕ್ ಎಲ್ಲೂ ಸಮತಟ್ಟಾಗಿರುವುದಿಲ್ಲ. ಮೂತಿಯ ಕಡೆ ಇಳಿಜಾರು, ಬದಿಗಳಲ್ಲಿ ಉಬ್ಬು, ಮುಚ್ಚಳದ ಮೂಲೆಗಳಲ್ಲಿ ದುಂಡನೆಯ ತಿರುವು ಇರುತ್ತವೆ. ಈ ತಿರುವಿನಲ್ಲಿ ಸುಕ್ಕಾಗದೆ ಮೈಗೆ ಮೈಯಾಗಿ ಕೂರುವ ಟೇಪೇ ನೀರನ್ನು ತಡೆಯುತ್ತದೆ. ಒಂದೇ ಒಂದು ಸುಕ್ಕು ಉಳಿದರೂ ಅದು ಸೂಕ್ಷ್ಮವಾದ ಕೊಳವೆಯಂತೆ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಆಗ ಅಂಟು ಎಷ್ಟು ಬಲವಾಗಿದ್ದರೂ ಪ್ರಯೋಜನವಿಲ್ಲ. ಟೇಪ್ ಆರಿಸುವಾಗ ಮೊದಲು ನೋಡಬೇಕಾದದ್ದು ಅದು ಎಷ್ಟು ಬಗ್ಗುತ್ತದೆ, ಎಷ್ಟು ಹಿಗ್ಗುತ್ತದೆ ಎಂಬುದನ್ನು ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಪರೀಕ್ಷೆಗೆ ನಾನು ಅನುಸರಿಸಿದ ಕ್ರಮವನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದು. ದೋಣಿಯೊಳಗಿನ ಎಲೆಕ್ಟ್ರಾನಿಕ್ ಭಾಗಗಳನ್ನೆಲ್ಲ ತೆಗೆದು, ಮುಚ್ಚಳದ ಸಂದಿಯ ಕೆಳಗೆ ಒಳಗಡೆಯಿಂದ ಟಿಶ್ಯೂ ಕಾಗದದ ಪಟ್ಟಿಗಳನ್ನು ಸಾಲಾಗಿ ಅಂಟಿಸಿ, ಅವುಗಳ ಮೇಲೆ ಇಂಕ್ ಪೆನ್ನಿನಿಂದ ಉದ್ದಕ್ಕೂ ಒಂದು ನೀಲಿ ಗೆರೆ ಎಳೆದು ಒಣಗಿಸಬೇಕು. ಆಮೇಲೆ ಮುಚ್ಚಳ ಹಾಕಿ, ಟೇಪ್ ಹಚ್ಚಿ, ಟಬ್ಬಿನ ನೀರಿನಲ್ಲಿ ದೋಣಿಯನ್ನು ಮಗುಚಿ ಕೆಲ ಹೊತ್ತು ಅದುಮಿ ಹಿಡಿಯಬೇಕು. ತೆರೆದು ನೋಡಿದರೆ ಎಲ್ಲಿ ನೀರು ಇಳಿದಿದೆಯೋ ಅಲ್ಲಿ ಮಾತ್ರ ಗೆರೆ ಕದಡಿ ನೀಲಿಯ ಕಲೆ ಹರಡಿರುತ್ತದೆ. ಒಂದು ಹನಿ ಜಿನುಗಿದರೂ ಅದರ ಜಾಗ ಬೆರಳಿಟ್ಟು ತೋರಿಸಿದಷ್ಟು ಸ್ಪಷ್ಟವಾಗಿ ಗೊತ್ತಾಗುತ್ತದೆ. ಟಬ್ಬಿನ ನೀರಿಗೆ ಪಾತ್ರೆ ತೊಳೆಯುವ ದ್ರವವನ್ನು ಸ್ವಲ್ಪ ಬೆರೆಸುವುದು ಒಳ್ಳೆಯದು. ಸಾಬೂನಿನ ಅಂಶ ನೀರಿನ ಮೇಲ್ಮೈ ಎಳೆತವನ್ನು ಕಡಿಮೆ ಮಾಡುವುದರಿಂದ, ಶುದ್ಧ ನೀರು ನಿಂತುಬಿಡುವ ಕಿರಿದಾದ ಸಂದಿಗೂ ಅಂಥ ನೀರು ನುಸುಳುತ್ತದೆ. ಬೆಳ್ಳಂದೂರು, ವರ್ತೂರು ಕೆರೆಗಳ ನೊರೆಯನ್ನು ಕಂಡಿರುವ ನಮ್ಮ ಊರಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸ್ವಚ್ಛವಾದ ಈಜುಕೊಳದಲ್ಲಿ ಒಣಗಿಯೇ ಉಳಿದ ಒಡಲು ಬಚ್ಚಲ ನೀರು ಸೇರುವ ಕೆರೆಯಲ್ಲಿ ಒದ್ದೆಯಾಗುವುದಕ್ಕೆ ಇದೂ ಒಂದು ಕಾರಣ.

ಎಲ್ಲರ ಮನೆಯಲ್ಲೂ ಇರುವ ಪಾರದರ್ಶಕ ಪ್ಯಾಕಿಂಗ್ ಟೇಪಿನಿಂದ ಆರಂಭಿಸುತ್ತೇನೆ. ಇದರ ಹಾಳೆ ಬಿಒಪಿಪಿ, ಅಂದರೆ ಉದ್ದಕ್ಕೂ ಅಡ್ಡಕ್ಕೂ ಎಳೆದು ತಯಾರಿಸಿದ ಪಾಲಿಪ್ರೊಪಿಲೀನ್. ಹೀಗೆ ಮೊದಲೇ ಎಳೆದಿರುವುದರಿಂದ ನಮ್ಮ ಕೈಯಲ್ಲಿ ಅದು ಮತ್ತೆ ಹಿಗ್ಗುವುದಿಲ್ಲ. ಚಪ್ಪಟೆ ಡೆಕ್ಕಿನ ಟಗ್ ಬೋಟ್ ಅಥವಾ ಸರಕು ಹಡಗಿನ ಮಾದರಿಗಳಲ್ಲಿ, ನೇರ ಅಂಚಿನ ಚೌಕ ಮುಚ್ಚಳಕ್ಕೆ ಇದು ಸಾಕು. ದುಂಡು ಮೂಲೆ ಬಂದ ಕೂಡಲೇ ಸುಕ್ಕು ಬೀಳುತ್ತದೆ, ಇಂಕಿನ ಕಲೆಗಳೆಲ್ಲ ಆ ಮೂಲೆಗಳಲ್ಲೇ ಕಾಣಿಸಿಕೊಂಡವು. ಅಂಚಿನಲ್ಲಿ ಸಣ್ಣ ಕಚ್ಚು ಬಿದ್ದರೂ ಸಾಕು, ಕೀಳುವಾಗ ಹಾಳೆ ಅಲ್ಲಿಂದ ಉದ್ದಕ್ಕೆ ಸೀಳಿಹೋಗಿ ಅರ್ಧ ಕೈಗೆ ಬಂದು ಉಳಿದರ್ಧ ಡೆಕ್ಕಿನ ಮೇಲೇ ಕೂತಿರುತ್ತದೆ. ಇನ್ನೊಂದು ಸಂಗತಿಯನ್ನು ಹತ್ತಿರದಿಂದ ನೋಡಿದರೆ ಮಾತ್ರ ಕಾಣಬಹುದು. ನೀರಿನಲ್ಲಿ ಸ್ವಲ್ಪ ಹೊತ್ತು ಇದ್ದ ಮೇಲೆ ಟೇಪಿನ ಅಂಚು ಹಾಲು ಬೆರೆಸಿದಂತೆ ಬಿಳಿಚಿಕೊಂಡು, ಆ ಬಿಳುಪು ನಿಧಾನವಾಗಿ ಒಳಕ್ಕೆ ಸರಿಯುತ್ತದೆ. ಅಗ್ಗದ ಪ್ಯಾಕಿಂಗ್ ಟೇಪುಗಳಲ್ಲಿ ಸಾಮಾನ್ಯವಾಗಿರುವ ಅಕ್ರಿಲಿಕ್ ಅಂಟು ನೀರಿನಲ್ಲಿ ಬೆರೆಸಿ ಬಳಿಯುವಂಥದ್ದು, ಹೀಗಾಗಿ ಅದು ನೀರನ್ನು ಹೀರಿಕೊಂಡು ಮಸುಕಾಗುತ್ತದೆ. ಬಿಳುಪು ಅರ್ಧ ಅಗಲ ದಾಟಿದೆ ಎಂದರೆ ದೋಣಿಯನ್ನು ದಡಕ್ಕೆ ತರುವುದು ಲೇಸು.

ಎಲೆಕ್ಟ್ರಿಷಿಯನ್ನರು ಬಳಸುವ ಪಿವಿಸಿ ಇನ್ಸುಲೇಷನ್ ಟೇಪ್ ಇದಕ್ಕಿಂತ ಎಷ್ಟೋ ಮೇಲು, ಹೊಸಬರು ಇದರಿಂದಲೇ ಶುರುಮಾಡಲಿ ಎಂಬುದು ನನ್ನ ಅಭಿಪ್ರಾಯ. ಮೃದುವಾಗಿ ಹಿಗ್ಗುತ್ತದೆ, ಮೂಲೆಯಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಕೂತುಕೊಳ್ಳುತ್ತದೆ, ಒಂದು ಸುರುಳಿ ಎರಡು ಕಾಫಿಯ ಬೆಲೆಗೆ ಬರುತ್ತದೆ. ಐಎಸ್ 7809 ಸಂಖ್ಯೆಯೊಂದಿಗೆ ಐಎಸ್‌ಐ ಗುರುತು ಇರುವುದನ್ನೇ ಕೇಳಿ ಪಡೆಯಬೇಕು. ಇದರ ಕೊರತೆ ಎರಡು. ಸಾಮಾನ್ಯ ಅಗಲ 18 ಮಿ.ಮೀ. ಇರುವುದರಿಂದ ಸಂದಿಯ ಒಂದೊಂದು ಬದಿಗೆ ಒಂಬತ್ತು ಮಿಲಿಮೀಟರ್ ಮಾತ್ರ ಸಿಗುತ್ತದೆ, ಕೈ ಸ್ವಲ್ಪ ಓರೆಯಾದರೂ ಒಂದು ಕಡೆ ಹಿಡಿತ ತಪ್ಪುತ್ತದೆ. ಎರಡನೆಯದು ಬಿಸಿಲಿನ ಸಮಸ್ಯೆ. ಪಿವಿಸಿಯನ್ನು ಮೃದುವಾಗಿಡಲು ಬೆರೆಸಿದ ಎಣ್ಣೆಯಂಥ ದ್ರವ ಕಾಲಕ್ರಮೇಣ ಅಂಟಿನೊಳಗೆ ಇಳಿದು ಅದನ್ನು ಜಿಗುಟು ಲೇಪವಾಗಿಸುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಕಪ್ಪು ಟೇಪ್ ಹಚ್ಚಿದ ದೋಣಿಯನ್ನು ಬಿಸಿಲಿಗಿಟ್ಟರೆ ಆ ಕೆಲಸ ಬೇಗನೆ ಆಗುತ್ತದೆ. ಕಪ್ಪಿನ ಬದಲು ಬಿಳಿ ಅಥವಾ ಹಳದಿ ಬಣ್ಣದ್ದನ್ನು ಕೊಂಡರೆ ಕಾಯುವುದು ಕಡಿಮೆ.

ನನ್ನ ಮೆಚ್ಚುಗೆ ಪೂರ್ತಿಯಾಗಿ ಸಲ್ಲುವುದು ಪಾರದರ್ಶಕ ವಿನೈಲ್ ಟೇಪಿಗೆ. 3ಎಂ ಕಂಪನಿಯ 471 ಎಂಬ ಟೇಪ್ ಈ ಬಗೆಯದು. ಇದನ್ನು ಮುಖ್ಯವಾಗಿ ನೆಲದ ಮೇಲೆ ಗುರುತಿನ ಪಟ್ಟಿ ಹಾಕಲು, ಬಣ್ಣ ಬಳಿಯುವಾಗ ಗೆರೆ ಬಿಡಿಸಲು ಬಳಸುತ್ತಾರೆ. ದಪ್ಪ ಸುಮಾರು 0.13 ಮಿ.ಮೀ., ಉದ್ದ 33 ಮೀಟರ್, ಅಂಟು ರಬ್ಬರಿನದು. ರಬ್ಬರ್ ಅಂಟಿನ ವಿಶೇಷವೆಂದರೆ ಮುಟ್ಟಿಸಿದ ಕೂಡಲೇ ಹಿಡಿಯುತ್ತದೆ. ಅಕ್ರಿಲಿಕ್ ಅಂಟಿನ ಹಾಗೆ ಪೂರ್ಣ ಬಲ ಬರಲು ಗಂಟೆಗಟ್ಟಲೆ ಕಾಯಬೇಕಾಗಿಲ್ಲ. ಕೊಳದ ದಡದಲ್ಲಿ ನಿಂತು ಬ್ಯಾಟರಿ ಬದಲಿಸುವವರಿಗೆ ಬೇಕಾದದ್ದು ಈ ಗುಣವೇ. ದುಂಡು ಮೂಲೆಯಲ್ಲಿ ಇದನ್ನು ಬಾಗಿಸಿ ಹಚ್ಚಿದಾಗ ಹೊರ ಅಂಚು ತಾನೇ ಹಿಗ್ಗಿ ಒಳ ಅಂಚು ಸುಕ್ಕಿಲ್ಲದೆ ಕೂತಿತು. ಪಾರದರ್ಶಕವಾದ್ದರಿಂದ ಕೆಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಯೂ ನುಸುಳಿದ ಹನಿಯೂ ಕಣ್ಣಿಗೆ ಕಾಣುತ್ತವೆ, ಡೆಕ್ಕಿನ ಬಣ್ಣವೂ ಮರೆಯಾಗುವುದಿಲ್ಲ. ಸಾಬೂನು ನೀರಿನ ಟಬ್ಬಿನಲ್ಲಿ ಮಗುಚಿಟ್ಟಾಗಲೂ ನೀಲಿ ಗೆರೆ ಎಲ್ಲೂ ಕದಡಲಿಲ್ಲ. ಬೆಲೆ ಕೇಳಿದಾಗ ಹೆಚ್ಚೆನಿಸುವುದು ನಿಜ, ಆದರೆ ಲೆಕ್ಕ ಹಾಕಿ ನೋಡಬೇಕು. 30 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲದ ಮುಚ್ಚಳದ ಸುತ್ತಳತೆ 84 ಸೆಂ.ಮೀ. ಆಗುತ್ತದೆ, ಮೂಲೆಗಳಲ್ಲಿ ಒಂದರ ಮೇಲೊಂದು ಬರುವುದನ್ನು ಸೇರಿಸಿದರೆ ಒಂದು ಸಲಕ್ಕೆ ಒಂದು ಮೀಟರ್ ಬೇಕು. ಸಣ್ಣ ಇನ್ಸುಲೇಷನ್ ಸುರುಳಿ ಒಂದೆರಡು ಭಾನುವಾರಗಳಲ್ಲಿ ಮುಗಿದುಹೋದರೆ, ಇದು ತಿಂಗಳುಗಟ್ಟಲೆ ಬರುತ್ತದೆ. 25 ಮಿ.ಮೀ. ಅಗಲದ್ದನ್ನು ಕೇಳಿ ಪಡೆಯಿರಿ. ಅದಕ್ಕಿಂತ ಅಗಲವಾದದ್ದು ಮೂಲೆ ತಿರುಗುವುದಕ್ಕೆ ಹಟ ಮಾಡುತ್ತದೆ.

ಔಷಧ ಅಂಗಡಿಯಲ್ಲಿ ಸಿಗುವ, ಸಣ್ಣ ರಂಧ್ರಗಳಿಲ್ಲದ ಪಾರದರ್ಶಕ ಪಾಲಿಥೀನ್ ಸರ್ಜಿಕಲ್ ಟೇಪ್ ಹಗುರವಾದ ಚಿಕ್ಕ ದೋಣಿಗಳಿಗೆ, ಮೃದು ಬಣ್ಣದ ಡೆಕ್ಕುಗಳಿಗೆ ಹೇಳಿ ಮಾಡಿಸಿದಂತಿದೆ. ಚರ್ಮದಿಂದ ನೋವಾಗದಂತೆ ಬಿಡಿಸಿಕೊಳ್ಳಲೆಂದೇ ಅದರ ಅಂಟನ್ನು ರೂಪಿಸಿರುತ್ತಾರೆ. ಅದರ ಪಕ್ಕದಲ್ಲೇ ನೇತುಹಾಕಿರುವ ಕಾಗದದಂಥ ಬಿಳಿ ಟೇಪನ್ನು ಮಾತ್ರ ತರಬಾರದು, ಅದು ಗಾಳಿಯಾಡಲಿ ಎಂದು ಮಾಡಿದ್ದು, ನೀರೂ ಆಡುತ್ತದೆ. ಬಟ್ಟೆಯ ಬೆನ್ನಿನ ಡಕ್ಟ್ ಟೇಪ್ ಬಲವಾಗಿ ಹಿಡಿಯುತ್ತದೆ, ಬಿಸಿಲಿಗೆ ಅಂಟು ಬಿಟ್ಟುಹೋಗುತ್ತದೆ. ಎ.ಸಿ. ಕೊಳವೆಗೆ ಹಚ್ಚುವ ಅಲ್ಯೂಮಿನಿಯಂ ಟೇಪ್ ಒಮ್ಮೆ ಕೂತರೆ ಸರಿಪಡಿಸಲಾಗದು, ಅಲ್ಲದೆ ಲೋಹದ ಹಾಳೆಯಾದ್ದರಿಂದ ರಿಸೀವರಿನ ಆಂಟೆನಾ ಮೇಲೆ ಬಂದರೆ 2.4 ಗಿಗಾಹರ್ಟ್ಸ್ ಸಂಕೇತಕ್ಕೆ ಅಡ್ಡವಾಗಿ ನಿಲ್ಲುತ್ತದೆ. ತನಗೆ ತಾನೇ ಬೆಸೆದುಕೊಳ್ಳುವ ಸಿಲಿಕೋನ್ ಟೇಪ್ ಬೇರೆ ಯಾವ ಮೇಲ್ಮೈಗೂ ಅಂಟುವುದೇ ಇಲ್ಲ. ಮುಚ್ಚಳಕ್ಕೆ ಅದು ನಿರುಪಯೋಗಿ, ನೀರಿನ ಕೊಳವೆಯ ಜೋಡಣೆಗೆ ಸುತ್ತಲು ಚೆನ್ನಾಗಿದೆ.

ಒಳ್ಳೆಯ ಟೇಪ್ ಕೊಂಡ ಮೇಲೂ ಹಚ್ಚುವ ಕ್ರಮ ಸರಿಯಿಲ್ಲದಿದ್ದರೆ ಫಲವಿಲ್ಲ. ಹೊಸ ಫೈಬರ್‌ಗ್ಲಾಸ್ ಒಡಲಿನ ಮೇಲೆ ಅಚ್ಚಿನಿಂದ ಬಿಡಿಸಲು ಬಳಿದ ಮೇಣದ ಪದರ ಉಳಿದಿರುತ್ತದೆ, ಅದರ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಸಂದಿಯ ಎರಡೂ ಬದಿ ಒರೆಸಿ, ಪೂರ್ತಿ ಆರಲು ಬಿಡಬೇಕು. ಬೇಕಾದಷ್ಟು ಉದ್ದವನ್ನು ಮೊದಲೇ ಬಿಚ್ಚಿ, ಕತ್ತರಿಸಿ, ಎಳೆದಾಗ ಆದ ಹಿಗ್ಗು ಇಳಿಯಲು ಒಂದು ಕ್ಷಣ ಕೊಟ್ಟು, ಆಮೇಲೆ ಎಳೆಯದೆ ಡೆಕ್ಕಿನ ಮೇಲೆ ಇರಿಸುತ್ತ ಹೋಗಬೇಕು. ಸುರುಳಿಯಿಂದ ಎಳೆಯುತ್ತಲೇ ಹಚ್ಚಿದ ವಿನೈಲ್ ಬಿಸಿಲು ತಾಗಿದೊಡನೆ ಮೊದಲಿನ ಅಳತೆಗೆ ಕುಗ್ಗುತ್ತದೆ, ತುದಿಗಳು ಮೇಲೇಳುತ್ತವೆ. ತುಂಡುಗಳನ್ನು ಹಚ್ಚುವ ಅನುಕ್ರಮವೂ ಮುಖ್ಯ: ಮೊದಲು ಹಿಂಬದಿ, ಆಮೇಲೆ ಎರಡು ಪಕ್ಕ, ಕೊನೆಗೆ ಮೂತಿಯ ಕಡೆ. ಮಂಗಳೂರು ಹೆಂಚಿನ ಮಾಡಿನಲ್ಲಿ ಮೇಲಿನ ಹೆಂಚು ಕೆಳಗಿನದರ ಮೇಲೆ ಬರುವ ಹಾಗೆ, ಮುಂದಿನ ತುಂಡು ಹಿಂದಿನದರ ಮೇಲೆ ಬಂದರೆ ಮೂತಿಯಿಂದ ಹಿಂದಕ್ಕೆ ನುಗ್ಗುವ ನೀರು ಅಂಚನ್ನು ಎಬ್ಬಿಸದೆ ಜಾರಿಹೋಗುತ್ತದೆ. ಪ್ರತಿ ತುಂಡಿನ ಚೂಪು ಮೂಲೆಗಳನ್ನು ಕತ್ತರಿಯಿಂದ ದುಂಡಾಗಿಸುವುದು, ಕೀಳಲು ಅನುಕೂಲವಾಗುವಂತೆ ಒಂದು ತುದಿಯನ್ನು ಮಡಚಿ ಕಿವಿಯಂತೆ ಬಿಡುವುದು ಎರಡೂ ಬಹಳ ಉಪಕಾರಿ. ಟೇಪನ್ನು ಡೆಕ್ಕಿನ ಮೇಲಿಟ್ಟು ಬ್ಲೇಡಿನಿಂದ ಕತ್ತರಿಸುವುದು ಬೇಡ, ಆ ಗೀರು ಶಾಶ್ವತವಾಗಿ ಉಳಿಯುತ್ತದೆ. ಡಿಸೆಂಬರಿನ ಚಳಿಯ ಬೆಳಗುಗಳಲ್ಲಿ ವಿನೈಲ್ ಬಿರುಸಾಗಿರುತ್ತದೆ; ಸುರುಳಿಯನ್ನು ಜೇಬಿನಲ್ಲಿಟ್ಟು ಬೆಚ್ಚಗೆ ಮಾಡಿಕೊಂಡರೆ ಮತ್ತೆ ಹದಕ್ಕೆ ಬರುತ್ತದೆ.

ಬಿಸಿಲಿನಲ್ಲಿ ಕಾದ ದೋಣಿಗೆ ಟೇಪ್ ಹಚ್ಚಿ ತಕ್ಷಣ ನೀರಿಗಿಳಿಸುವುದರಲ್ಲಿ ಬಹಳ ಜನ ಗಮನಿಸದ ಒಂದು ಅಪಾಯವಿದೆ. ಒಳಗಿನ ಗಾಳಿ 40 ಡಿಗ್ರಿಯಲ್ಲಿದ್ದಾಗ ಮುಚ್ಚಿದ್ದು, ನೀರಿನ ತಂಪಿಗೆ 25 ಡಿಗ್ರಿಗೆ ಇಳಿದರೆ ಅದರ ಒತ್ತಡ ಸುಮಾರು ನೂರಕ್ಕೆ ಐದರಷ್ಟು ಕುಗ್ಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ವಾಯುಭಾರದ ಲೆಕ್ಕದಲ್ಲಿ, ಪೂರ್ತಿ ಮುಚ್ಚಿದ ಒಡಲಿಗೆ ಇದು ಹತ್ತಿರ ಹತ್ತಿರ 45 ಸೆಂ.ಮೀ. ನೀರಿನ ಎತ್ತರದ ಒತ್ತಡಕ್ಕೆ ಸಮ. ಇಷ್ಟು ಬಲದಿಂದ ಒಡಲು ಒಳಮುಖವಾಗಿ ಹೀರುವಾಗ ಟೇಪಿನ ಸುಕ್ಕಿನಿಂದಲೋ ಪ್ರೊಪೆಲ್ಲರ್ ಶಾಫ್ಟಿನ ಕೊಳವೆಯಿಂದಲೋ ನೀರು ದಾರಿ ಮಾಡಿಕೊಂಡೇ ಬರುತ್ತದೆ. ದೊಡ್ಡಬಳ್ಳಾಪುರದ ಕಡೆ ಗೆಳೆಯರೊಬ್ಬರ ತೋಟದ ಕೃಷಿ ಹೊಂಡದಲ್ಲಿ ದೋಣಿ ಬಿಡುವಾಗ ನಾವು ಮುಚ್ಚಳ ತೆರೆದ ದೋಣಿಗಳನ್ನು ಮರದ ನೆರಳಿನಲ್ಲಿ ಇಟ್ಟು, ಒಡಲು ತಣಿದ ಮೇಲೆ ಟೇಪ್ ಹಚ್ಚುತ್ತೇವೆ. ಬೋರ್‌ವೆಲ್ ನೀರಿನ ಆ ಹೊಂಡದಿಂದ ಮತ್ತೊಂದು ಅನುಕೂಲವೂ ಆಗಿದೆ. ಗಡಸು ನೀರು ಎಲ್ಲಿ ನುಸುಳಿದರೂ ಒಣಗಿದ ಮೇಲೆ ಸಣ್ಣ ಬಿಳಿ ಗೆರೆ ಉಳಿಸಿಹೋಗುವುದರಿಂದ, ಮನೆಗೆ ಬಂದು ಮುಚ್ಚಳದ ಒಳಗಂಚನ್ನು ದೀಪಕ್ಕೆ ಹಿಡಿದರೆ ಸೋರಿದ ಜಾಗ ತಿಳಿಯುತ್ತದೆ.

ಟೇಪನ್ನು ಕೀಳುವಾಗ ಮೇಲಕ್ಕೆ ಎತ್ತಬಾರದು. ಮಡಚಿದ ಕಿವಿ ಹಿಡಿದು, ಟೇಪನ್ನು ಅದರ ಬೆನ್ನಿನ ಮೇಲೆಯೇ ಮಗುಚಿದಂತೆ, ಡೆಕ್ಕಿಗೆ ಸಮಾನಾಂತರವಾಗಿ ನಿಧಾನವಾಗಿ ಎಳೆದರೆ ಬಣ್ಣ ಏಳುವುದು ಅಪರೂಪ. ಉಳಿದ ಅಂಟಿಗೆ ಐಸೊಪ್ರೊಪೈಲ್ ಆಲ್ಕೊಹಾಲೇ ಮೊದಲ ಆಯ್ಕೆ, ಅದಕ್ಕೂ ಬಗ್ಗದ ಜಿಗುಟಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಬಿಟ್ಟು, ಒರೆಸಿ, ಮತ್ತೆ ಆಲ್ಕೊಹಾಲಿನಿಂದ ಎಣ್ಣೆಯ ಅಂಶ ತೆಗೆಯಬೇಕು. ಎಬಿಎಸ್ ಒಡಲಿನ ಹತ್ತಿರ ಅಸಿಟೋನನ್ನು, ಅದು ಬೆರೆತಿರುವ ಉಗುರು ಬಣ್ಣ ತೆಗೆಯುವ ದ್ರವವನ್ನು, ಥಿನ್ನರನ್ನು ಸುಳಿಯಗೊಡಬೇಡಿ. ಅಸಿಟೋನ್ ಆ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ.

ಕೊಳ್ಳುವಾಗ ಸುರುಳಿಯ ಪಕ್ಕವನ್ನು ಬೆರಳಿನಿಂದ ಸವರಿ ನೋಡಿ. ಪಕ್ಕ ಒಣಗಿ ನುಣುಪಾಗಿದ್ದರೆ ತಾಜಾ ಸರಕು. ಜಿಗುಟಾಗಿ ಧೂಳು ಹಿಡಿದಿದ್ದರೆ ಅಂಟು ಈಗಾಗಲೇ ಹೊರಕ್ಕೆ ಒಸರಿದೆ ಎಂದರ್ಥ. ಅಂಗಡಿಯ ಮುಂಬಾಗಿಲಿನಲ್ಲಿ ಬಿಸಿಲಿಗೆ ನೇತುಹಾಕಿದ್ದನ್ನು ಬಿಟ್ಟು ಒಳಗಿನ ಪೆಟ್ಟಿಗೆಯಿಂದ ತೆಗೆಸಿಕೊಳ್ಳಿ. ಮನೆಗೆ ತಂದದ್ದನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಂಪಾದ ಕಪಾಟಿನಲ್ಲಿಡಿ, ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ.