ಅಕ್ಷರವನ್ನೇ ಕಿತ್ತುಹಾಕಿದ ಸಿನಿಮಾ: ಟ್ರೂಫೋ ಚಿತ್ರಿಸಿದ ‘ಫ್ಯಾರನ್‌ಹೀಟ್ 451’

ಕಾದಂಬರಿ ಓದಿ ಸಿನಿಮಾ ನೋಡುವವರು ಮೊದಲು ಮಾಡುವ ಕೆಲಸ, ಏನೇನು ಬಿಟ್ಟುಹೋಗಿದೆ ಎಂದು ಪಟ್ಟಿ ಹಾಕುವುದು. ರೇ ಬ್ರಾಡ್‌ಬರಿಯ 1953ರ ಕಾದಂಬರಿಯನ್ನು ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ಟ್ರೂಫೋ 1966ರಲ್ಲಿ ತೆರೆಗೆ ತಂದಾಗ ಆ ಪಟ್ಟಿ ಉದ್ದವೇ ಆಯಿತು. ಆದರೆ ಕರಾವಳಿಯವರಿಗೆ ಒಳ್ಳೆಯ ಅಳತೆಗೋಲು ಊರಲ್ಲೇ ಇದೆ. ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಮಂಚಿಯ ಬಿ.ವಿ. ಕಾರಂತರು 1975ರಲ್ಲಿ ಸಿನಿಮಾ ಮಾಡಿದರು. ಕಾದಂಬರಿಯ ವಾಕ್ಯಗಳು ಹೊತ್ತಿದ್ದ ಸಂಕಟವನ್ನು ಅಲ್ಲಿ ದುಡಿಯ ಸದ್ದೂ ಚೋಮನಾದ ವಾಸುದೇವ ರಾಯರ ಮುಖವೂ ಹೊತ್ತವು. ಪುಟದ ಲೆಕ್ಕ ಹಿಡಿದು ಕೂತವರಿಗೆ ಅದು ಕಾಣುವುದಿಲ್ಲ. ಟ್ರೂಫೋ ಚಿತ್ರಕ್ಕೂ ಕೇಳಬೇಕಾದ ಪ್ರಶ್ನೆ ಇದೇ: ಪುಸ್ತಕ ಮಾತಿನಿಂದ ಮಾಡಿದ್ದನ್ನು ಇದು ಯಾವುದರಿಂದ ಮಾಡಿದೆ?

ಉತ್ತರ ಮೊದಲ ನಿಮಿಷದಲ್ಲೇ ಸಿಗುತ್ತದೆ. ಹೆಸರುಗಳು ತೆರೆಯ ಮೇಲೆ ಬರುವುದಿಲ್ಲ. ಮನೆಗಳ ಮಾಡಿನ ಮೇಲಿನ ಟಿ.ವಿ. ಆಂಟೆನಾಗಳತ್ತ ಕ್ಯಾಮೆರಾ ಒಂದೊಂದಾಗಿ ಜೂಮ್ ಆಗುತ್ತದೆ, ಒಂದು ಗಂಡು ಧ್ವನಿ ಕಲಾವಿದರ, ತಂತ್ರಜ್ಞರ ಹೆಸರು ಓದಿ ಹೇಳುತ್ತದೆ. ಓದುವುದೇ ಅಪರಾಧವಾದ ಲೋಕಕ್ಕೆ ಬಂದಿದ್ದೇವೆ ಎಂದು ಯಾರೂ ವಿವರಿಸಬೇಕಾಗಿಲ್ಲ. ಕಥಾನಾಯಕ ಮೊಂಟಾಗ್ ಅಗ್ನಿಶಾಮಕ ದಳದವನು, ಆದರೆ ಇಲ್ಲಿ ಆ ದಳದ ಕೆಲಸ ಪುಸ್ತಕ ಹುಡುಕಿ ಸುಡುವುದು. ಮುಂದೆ ಅವನು ಹಾಸಿಗೆಯಲ್ಲಿ ಕೂತು ನೋಡುವ ಪತ್ರಿಕೆಯಲ್ಲಿ ಬರೀ ಚಿತ್ರದ ಚೌಕಗಳು, ಒಂದು ಪದವಿಲ್ಲ. ಕಚೇರಿಯ ಫೈಲಿನಲ್ಲೂ ಫೋಟೊಗಳೇ. 1843ರಲ್ಲೇ ‘ಮಂಗಳೂರ ಸಮಾಚಾರ’ ಅಚ್ಚಾದ ಊರಿನವರು ಆ ಪತ್ರಿಕೆಯ ದೃಶ್ಯವನ್ನು ಒಂದು ಕ್ಷಣ ನಿಲ್ಲಿಸಿ ನೋಡಬೇಕು.

ಹೀಗೆ ಕಣ್ಣಿಗೆ ಅಕ್ಷರದ ಉಪವಾಸ ಹಾಕಿಸಿದ ಮೇಲೆ ಬರುವ ದೃಶ್ಯ ಇಡೀ ಚಿತ್ರದ ಬೆಲೆ ಕಟ್ಟುತ್ತದೆ. ಮೊಂಟಾಗ್ ರಾತ್ರಿ ಎದ್ದು ಟಿ.ವಿ. ಪರದೆಯ ಬೆಳಕಿನಲ್ಲಿ ‘ಡೇವಿಡ್ ಕಾಪರ್‌ಫೀಲ್ಡ್’ ಬಿಡಿಸುತ್ತಾನೆ. ಕಥೆಗೆ ನೇರ ಹೋಗುವುದಿಲ್ಲ. ಮುಖಪುಟ, ಪ್ರಕಾಶಕರ ಹೆಸರು, ವಿಳಾಸ, ಎಲ್ಲವನ್ನೂ ಸಾಲಿನ ಕೆಳಗೆ ಬೆರಳಿಟ್ಟು, ಒಂದನೇ ಕ್ಲಾಸಿನ ಮಗುವಿನ ಹಾಗೆ ಗಟ್ಟಿಯಾಗಿ ಓದುತ್ತಾನೆ. ಯಾವುದನ್ನು ಬಿಡಬಹುದು ಎಂಬುದು ಅವನಿಗೆ ಗೊತ್ತಿಲ್ಲ. ಈ ಬೆರಳು ಟ್ರೂಫೋ ಕಾಣಿಕೆ, ಅದೂ ಕ್ಯಾಮೆರಾ ಮಾತ್ರ ಕೊಡಬಲ್ಲ ಕಾಣಿಕೆ.

ಅಜ್ಜಿಯೊಬ್ಬರು ತಮ್ಮ ಪುಸ್ತಕಗಳ ಜೊತೆಗೇ ಉರಿದುಹೋಗುವ ಭಾಗವೂ ಅಷ್ಟೇ ಗಟ್ಟಿ. ಮೊಂಟಾಗ್‌ನ ದಳದ ಕ್ಯಾಪ್ಟನ್ ಒಂದೊಂದೇ ಪುಸ್ತಕ ಎತ್ತಿ, ಕಾದಂಬರಿ ಏಕೆ ಕೆಟ್ಟದ್ದು, ತತ್ವಶಾಸ್ತ್ರ ಏಕೆ ಬರೀ ಫ್ಯಾಷನ್ ಎಂದು ವಿವರಿಸುತ್ತಾನೆ. ಅವನ ಕೈಯಲ್ಲಿ ಹಿಟ್ಲರನ ‘ಮೈನ್ ಕಾಂಫ್’ ಕೂಡ ಇರುತ್ತದೆ. ಸುಡುವುದಾದರೆ ಎಲ್ಲವನ್ನೂ ಸುಡಬೇಕು ಎಂಬ ಅವನ ವಾದಕ್ಕೆ ನೋಡುವವರು ತಾವೇ ಉತ್ತರ ಹುಡುಕಬೇಕು. ನಿಕೋಲಸ್ ರೋಗ್ ಛಾಯಾಗ್ರಹಣದಲ್ಲಿ ಬೆಂಕಿಗೆ ಪುಟಗಳು ಮುದುಡಿ, ಕಂದಾಗಿ, ಕರಿಯಾಗುವುದು ತೀರಾ ಹತ್ತಿರದಿಂದ ಕಾಣುತ್ತದೆ. ಕೆಲವು ಸಾಲು ಓದಲು ಸಿಗುತ್ತವೆ, ಅಷ್ಟರಲ್ಲಿ ಇಲ್ಲವಾಗುತ್ತವೆ. ಬರ್ನಾರ್ಡ್ ಹರ್ಮನ್ ಸಂಗೀತ ತಂತಿವಾದ್ಯ, ಹಾರ್ಪ್, ಕ್ಸೈಲೋಫೋನ್‌ನಂಥ ವಾದ್ಯಗಳಲ್ಲೇ ನಡೆಯುತ್ತದೆ. ಭವಿಷ್ಯದ ಕಥೆ ಎಂದು ಎಲೆಕ್ಟ್ರಾನಿಕ್ ಸದ್ದು ತುಂಬದೆ ಇದ್ದದ್ದು ಸರಿಯಾದ ನಿರ್ಧಾರ.

ಇನ್ನು ಸೋತದ್ದು. ಕಾದಂಬರಿಯ ನಿವೃತ್ತ ಪ್ರಾಧ್ಯಾಪಕ ಫೇಬರ್ ಇಲ್ಲಿಲ್ಲ. ಪುಸ್ತಕ ಏಕೆ ಬೇಕು ಎಂಬ ವಾದವನ್ನು ಕಟ್ಟುವವನು ಅವನು. ಅವನಿಲ್ಲದೆ ಮೊಂಟಾಗ್ ಬದಲಾಗುವುದು ಕಾಣುತ್ತದೆ, ಯೋಚಿಸುವುದು ಕಾಣುವುದಿಲ್ಲ. ಕಾದಂಬರಿಯಲ್ಲಿ ಬೇಟೆಯಾಡುವ ಯಾಂತ್ರಿಕ ನಾಯಿಯನ್ನು ಕೈಬಿಟ್ಟದ್ದರಿಂದ ಬೆನ್ನಟ್ಟುವ ಭಾಗದ ಭಯ ಹೋಯಿತು. ಬದಲಿಗೆ ಬರುವ ಹಾರುವ ಪೊಲೀಸರು ತಂತಿಗೆ ನೇತಾಡುವುದು ಗೊತ್ತಾಗಿಬಿಡುತ್ತದೆ. ಕೊನೆಯ ಯುದ್ಧ, ನಗರದ ನಾಶ ಎರಡೂ ಇಲ್ಲ, ಹಾಗಾಗಿ ಮತ್ತೆ ಕಟ್ಟುವ ಹೊಣೆಯೂ ಕಥೆಯಲ್ಲಿ ಉಳಿಯಲಿಲ್ಲ.

ದೊಡ್ಡ ತೊಡಕು ಪಾತ್ರಹಂಚಿಕೆಯದು. ಮೊಂಟಾಗ್‌ನ ಹೆಂಡತಿ ಮತ್ತು ಪಕ್ಕದ ಮನೆಯ ಕ್ಲಾರಿಸ್, ಎರಡೂ ಜೂಲಿ ಕ್ರಿಸ್ಟಿಯೇ. ಒಂದೇ ಮುಖ, ಎರಡು ಬದುಕು ಎಂಬ ಆಲೋಚನೆ ಕಾಗದದಲ್ಲಿ ಚೆನ್ನ. ತೆರೆಯಲ್ಲಿ ಕೂದಲು ಬದಲಾದಷ್ಟು ಸ್ವಭಾವ ಬದಲಾಗಿಲ್ಲ. ಕಾದಂಬರಿಯಲ್ಲಿ ಹದಿನೇಳರ ಹುಡುಗಿ ಕ್ಲಾರಿಸ್ ಇದ್ದಕ್ಕಿದ್ದಂತೆ ಇಲ್ಲವಾಗುತ್ತಾಳೆ, ಆ ಖಾಲಿತನವೇ ಮೊಂಟಾಗ್‌ನನ್ನು ತಳ್ಳುತ್ತದೆ. ಇಲ್ಲಿ ಅವಳು ಶಿಕ್ಷಕಿ, ಕೊನೆಯವರೆಗೂ ಬದುಕಿರುತ್ತಾಳೆ, ತಳ್ಳುವ ಬಲ ಕುಂದುತ್ತದೆ. ಟ್ರೂಫೋ ಇಂಗ್ಲಿಷಿನಲ್ಲಿ ಮಾಡಿದ ಒಂದೇ ಚಿತ್ರ ಇದು. ಸಂಭಾಷಣೆಯ ಬಿಗಿತದಲ್ಲಿ ಅದು ಗೊತ್ತಾಗುತ್ತದೆ.

ಕೊನೆಗೆ ಕಾಡಿನಲ್ಲಿ ಪುಸ್ತಕಗಳನ್ನು ಬಾಯಿಪಾಠ ಮಾಡಿಕೊಂಡವರು ಹಿಮದಲ್ಲಿ ಗುನುಗುತ್ತ ನಡೆಯುತ್ತಾರೆ. ತಾಳಮದ್ದಳೆ ಕೇಳಿ ಬೆಳೆದವರಿಗೆ ಇಲ್ಲೊಂದು ಕೊರತೆ ತಟ್ಟದೆ ಇರದು. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿ ಎದುರಾಳಿಯೊಡನೆ ವಾದಕ್ಕಿಳಿದು ಅದಕ್ಕೆ ಅಂದಂದಿನ ಜೀವ ಕೊಡುತ್ತಾನೆ. ಟ್ರೂಫೋ ಕಾಡಿನಲ್ಲಿ ಪದ್ಯ ಉಳಿದಿದೆ, ಅರ್ಥ ಹೇಳುವವರಿಲ್ಲ. ಒಬ್ಬರ ಪುಸ್ತಕವನ್ನು ಇನ್ನೊಬ್ಬರು ಕೇಳುವುದಿಲ್ಲ. ಸಾಯುತ್ತಿರುವ ಮುದುಕನೊಬ್ಬ ಸ್ಟೀವನ್‌ಸನ್ನನ ಕಾದಂಬರಿಯನ್ನು ಹುಡುಗನಿಗೆ ಸಾಲು ಸಾಲಾಗಿ ಹೇಳಿಕೊಡುತ್ತಾನೆ, ಹುಡುಗ ತಪ್ಪದೆ ಒಪ್ಪಿಸಲು ಕಲಿಯುತ್ತಾನೆ. ಮನಸ್ಸಿಗೆ ನಾಟುವ ದೃಶ್ಯ, ಆದರೆ ಅಲ್ಲೂ ಒಪ್ಪಿಸುವುದಷ್ಟೇ.

2018ರಲ್ಲಿ ರಮಿನ್ ಬಹ್ರಾನಿ ಎಚ್‌ಬಿಒಗೆ ಮಾಡಿದ ಆವೃತ್ತಿಯೂ ಇದೆ. ಕಾಲಕ್ಕೆ ತಕ್ಕ ಹಾಗೆ ಪರದೆಗಳು, ಡಿಎನ್‌ಎ ಎಲ್ಲ ಸೇರಿವೆ. ಹೆಂಡತಿಯ ಪಾತ್ರವನ್ನೇ ತೆಗೆದುಹಾಕಿದ್ದರಿಂದ ಮನೆಯೊಳಗಿನ ಟೊಳ್ಳುತನ ಕಾಣುವುದಿಲ್ಲ. ಒಂದನ್ನೇ ನೋಡುವ ಸಮಯವಿದ್ದರೆ 1966ರದ್ದನ್ನೇ ನೋಡಿ.

ಉಡುಪಿ, ಮಣಿಪಾಲ, ಮಂಗಳೂರಿನ ಫಿಲ್ಮ್ ಕ್ಲಬ್‌ಗಳಲ್ಲಿ ತೋರಿಸುವವರಿಗೆ ಕೆಲವು ಮಾತು. ಅವಧಿ 112 ನಿಮಿಷ. ಸಬ್‌ಟೈಟಲ್ ಬೇಕು, ಆದರೆ ಮೊದಲ ಸಂಭಾಷಣೆಯ ತನಕ ಆಫ್ ಮಾಡಿ. ಇಲ್ಲದಿದ್ದರೆ ನಿರ್ದೇಶಕ ತೆರೆಯಿಂದ ತೆಗೆದ ಅಕ್ಷರಗಳನ್ನು ನೀವೇ ಮತ್ತೆ ತಂದಿಟ್ಟ ಹಾಗಾಗುತ್ತದೆ. ಜನ ಕೂತು ಮುಗಿದ ಮೇಲೆಯೇ ಶುರು ಮಾಡಿ, ಹೆಸರುಗಳು ಕೇಳಿಸದಿದ್ದರೆ ಆರಂಭವೇ ವ್ಯರ್ಥ. ಮಳೆಗಾಲದಲ್ಲಿ ಶೀಟಿನ ಮಾಡಿನ ಹಾಲ್ ಬೇಡ. ಮೆಲ್ಲನೆಯ ತಂತಿವಾದ್ಯಗಳು ಮಳೆಯ ಸದ್ದಿನಲ್ಲಿ ಮುಳುಗುತ್ತವೆ. ವಿರಾಮ ಬೇಕೇ ಬೇಕಿದ್ದರೆ ಅಜ್ಜಿಯ ಮನೆ ಸುಟ್ಟ ಮೇಲೆ ಕೊಡಿ, ಅದಕ್ಕಿಂತ ಮೊದಲು ಬೇಡ.