ತುರಹಳ್ಳಿ ಕಾಡಿನ ಕಾಲುದಾರಿಗೆ ಯಾವ ಆ್ಯಪ್? ಬಳಸಿ ನೋಡಿದ ಮೇಲೆ ಒಂದು ಹೋಲಿಕೆ

ಬೆಂಗಳೂರಿನ ದಕ್ಷಿಣದಲ್ಲಿ, ಕನಕಪುರ ರಸ್ತೆಗೂ ಬನಶಂಕರಿ ಆರನೇ ಹಂತದ ಬಡಾವಣೆಗಳಿಗೂ ನಡುವೆ ಉಳಿದುಕೊಂಡಿರುವ ತುರಹಳ್ಳಿ, ದಾಖಲೆಯಲ್ಲಿ ಅರಣ್ಯವಾದರೂ ಬಳಕೆಯಲ್ಲಿ ಸುತ್ತಲಿನವರ ಉದ್ಯಾನವೇ ಆಗಿಬಿಟ್ಟಿದೆ. 2021ರಲ್ಲಿ ಇಲ್ಲಿ ವೃಕ್ಷೋದ್ಯಾನ ನಿರ್ಮಿಸುವ ಪ್ರಸ್ತಾವ ಬಂದಾಗ, ಕಾಡನ್ನು ಕಾಡಾಗಿಯೇ ಬಿಡಿ ಎಂದು ನಿವಾಸಿಗಳು ಬೀದಿಗಿಳಿದಿದ್ದರು. ಹಾಗೆ ಉಳಿದ ಕಾಡಿನಲ್ಲಿ ನಡೆಯುವವರಿಗೆ ಲಾಲ್‌ಬಾಗಿನಂಥ ಕಲ್ಲುಹಾಸಿನ ದಾರಿಯ ಆಸರೆಯಿಲ್ಲ. ಕವಲು ಬಂದಲ್ಲಿ ಹೆಚ್ಚಿನವರು ಫೋನನ್ನು ನೋಡುತ್ತಾರೆ. ಫೋನು ತೋರಿಸುವ ಗೆರೆ ಹೀಗೆ ಕೈಮರದ ಕೆಲಸವನ್ನು ವಹಿಸಿಕೊಂಡಿರುವುದರಿಂದ, ನಾನು ಮಳೆಗಾಲದಲ್ಲೂ ಬೇಸಿಗೆಯಲ್ಲೂ ಬಳಸಿ ನೋಡಿದ ಆ್ಯಪ್‌ಗಳನ್ನು ಇಲ್ಲಿ ಒಂದೇ ಅಳತೆಗೋಲಿನಿಂದ ಹೋಲಿಸಿದ್ದೇನೆ: ನಡೆಯುವವನನ್ನು ಇರುವ ದಾರಿಯಲ್ಲೇ ಉಳಿಸುವುದು ಯಾವುದು, ಪೊದೆಯೊಳಕ್ಕೆ ಎಳೆಯುವುದು ಯಾವುದು. ಹೆಜ್ಜೆ ಎಣಿಸುವ ನಿಖರತೆ, ಬ್ಯಾಟರಿ, ಚಂದಾದರ ಇತ್ಯಾದಿಗಳನ್ನು ಬೇಕೆಂದೇ ಬಿಟ್ಟಿದ್ದೇನೆ.

ಸ್ಟ್ರಾವಾ ಬಹುಜನರ ಫೋನಿನಲ್ಲಿ ಈಗಾಗಲೇ ಇರುವುದರಿಂದ ಅದರಿಂದಲೇ ಆರಂಭಿಸುವುದು ನ್ಯಾಯ. ನಡೆದ ದಾರಿಯನ್ನು ದಾಖಲಿಸುವುದರಲ್ಲಿ ಅದಕ್ಕೆ ಸಾಟಿಯಿಲ್ಲ, ಆದರೆ ಅದು ಮೆಚ್ಚುಗೆ ಕೊಡುವುದು ಯಾವುದಕ್ಕೆ ಎಂಬುದು ಇಲ್ಲಿ ಮುಖ್ಯ. ದಾರಿಯ ತುಂಡೊಂದನ್ನು ‘ಸೆಗ್‌ಮೆಂಟ್’ ಎಂದು ಗುರುತಿಸಿ, ಅದನ್ನು ಅತಿ ವೇಗವಾಗಿ ಮುಗಿಸಿದವರ ಪಟ್ಟಿ ಮಾಡುವ ಕ್ರಮವು, ಮಕ್ಕಳೂ ವೃದ್ಧರೂ ಎದುರಿಗೆ ಬರುವ ಕಿರಿದಾದ ಕಾಲುದಾರಿಗೆ ಹೊಂದುವಂಥದ್ದಲ್ಲ. 2020ರಲ್ಲಿ ಸೇರಿಸಿದ ‘ಲೋಕಲ್ ಲೆಜೆಂಡ್’ ವೇಗವನ್ನು ಬಿಟ್ಟು, 90 ದಿನಗಳಲ್ಲಿ ಎಷ್ಟು ಸಲ ಬಂದಿರಿ ಎಂಬುದನ್ನು ಎಣಿಸುತ್ತದೆ. ನನ್ನ ಮಟ್ಟಿಗೆ ಇದು ಹೆಚ್ಚು ಸಭ್ಯವಾದ ಸ್ಪರ್ಧೆ. ಅಪಾಯಕಾರಿ ಎನಿಸಿದ ಸೆಗ್‌ಮೆಂಟನ್ನು ಬಳಕೆದಾರರೇ ಹಾಗೆಂದು ಗುರುತಿಸುವ ಅವಕಾಶವೂ ಉಂಟು, ಅದನ್ನು ಬಳಸುವವರು ಕಡಿಮೆಯಿರಬಹುದು.

ನಿಜವಾದ ತೊಡಕಿರುವುದು, ಬಳಕೆದಾರರ ದಾಖಲೆಗಳನ್ನು ಒಂದೇ ನಕ್ಷೆಯಲ್ಲಿ ಸೇರಿಸಿ ತೋರಿಸುವ ಸ್ಟ್ರಾವಾದ ಹೀಟ್‌ಮ್ಯಾಪ್‌ನಲ್ಲಿ. ಹೆಚ್ಚು ಜನ ತುಳಿದ ಗೆರೆ ಅದರಲ್ಲಿ ಹೆಚ್ಚು ಬೆಳಗುತ್ತದೆ, ಬೆಳಗುವ ಗೆರೆಯನ್ನು ಕಂಡು ಇನ್ನಷ್ಟು ಜನ ಅಲ್ಲಿಗೆ ಬರುತ್ತಾರೆ. ಅದು ಸರಿಯಾದ ದಾರಿಯೋ, ಬಂಡೆಯ ಮೇಲಿನ ಫೋಟೋಕ್ಕಾಗಿ ಯಾರೋ ಮಾಡಿಕೊಂಡ ಒಳದಾರಿಯೋ ಎಂಬುದನ್ನು ಆ ಬೆಳಕು ಹೇಳುವುದಿಲ್ಲ. ಗುಟ್ಟಾಗಿರಬೇಕಿದ್ದ ಸೇನಾ ನೆಲೆಗಳ ಕಾಲುದಾರಿಗಳು 2018ರ ಜನವರಿಯಲ್ಲಿ ಇದೇ ನಕ್ಷೆಯಿಂದ ಜಗತ್ತಿಗೆಲ್ಲ ಕಂಡದ್ದನ್ನು ನೆನೆದರೆ, ನವಿಲು ಮೊಟ್ಟೆಯಿಡುವ ಪೊದೆಯ ಪಕ್ಕದ ಸೀಳುದಾರಿ ಬಯಲಾಗುವುದರಲ್ಲಿ ಆಶ್ಚರ್ಯವಿಲ್ಲ. ನಮ್ಮ ದಾಖಲೆ ಹೀಟ್‌ಮ್ಯಾಪ್‌ಗೆ ಸೇರದಂತೆ ಮಾಡುವ ಆಯ್ಕೆ ಗೋಪ್ಯತೆಯ ಸೆಟ್ಟಿಂಗ್‌ಗಳಲ್ಲಿದೆ, ಮತ್ತು ಕಾಡಿನಲ್ಲಿ ನಡೆಯುವವರು ಮೊದಲು ಮಾಡಬೇಕಾದ ಬದಲಾವಣೆ ಅದೇ.

ಸ್ವಯಂಸೇವಕರೇ ರಚಿಸಿ ತಿದ್ದುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯ ದತ್ತಾಂಶವನ್ನು ಬಳಸುವ, ಇಂಟರ್‌ನೆಟ್ ಇಲ್ಲದೆಯೂ ನಡೆಯುವ ಆರ್ಗಾನಿಕ್ ಮ್ಯಾಪ್ಸ್ ಇದಕ್ಕೆ ನೇರ ವಿರುದ್ಧ ಸ್ವಭಾವದ್ದು. ಪಟ್ಟಿಯಿಲ್ಲ, ಪದಕವಿಲ್ಲ, ಜಾಹೀರಾತೂ ಇಲ್ಲ. ಅದರ ಹಿಂದಿರುವ ನಕ್ಷೆಯಲ್ಲಿ ಒಂದು ಗೆರೆ ಬರೀ ಗೆರೆಯಾಗಿರದೆ ತನ್ನ ಬಗ್ಗೆ ಮಾಹಿತಿಯನ್ನೂ ಹೊತ್ತಿರಬಲ್ಲದು: ಜನ ತುಳಿದು ತಾನಾಗಿ ಆದ ದಾರಿಗೆ ‘ಇನ್‌ಫಾರ್ಮಲ್’, ಪ್ರವೇಶವಿಲ್ಲದ ದಾರಿಗೆ ‘ಆಕ್ಸೆಸ್ ನೋ’ ಎಂಬ ಟ್ಯಾಗ್‌ಗಳಿವೆ. ನೆಲದ ಮೇಲೆ ಇರುವುದನ್ನೇ ನಕ್ಷೆಯಲ್ಲಿ ತೋರಿಸಬೇಕೆಂಬುದು ಅಲ್ಲಿನ ನಿಯಮ. ಆದ್ದರಿಂದ ಒಳದಾರಿಯ ಗೆರೆಯನ್ನು ಅಳಿಸಿಹಾಕುವುದರಿಂದ ಪ್ರಯೋಜನವಿಲ್ಲ. ಉಪಗ್ರಹ ಚಿತ್ರದಲ್ಲಿ ಅದನ್ನು ಕಂಡ ಮತ್ತೊಬ್ಬ ಸ್ವಯಂಸೇವಕ ಒಳ್ಳೆಯ ಮನಸ್ಸಿನಿಂದಲೇ ಪುನಃ ಎಳೆಯುತ್ತಾನೆ. ಗೆರೆಯನ್ನು ಉಳಿಸಿಕೊಂಡು ‘ಇಲ್ಲಿ ಪ್ರವೇಶವಿಲ್ಲ’ ಎಂದು ನಮೂದಿಸುವುದೇ ಬಾಳಿಕೆಯ ಉಪಾಯ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮೂಲ ಜಾಲತಾಣದಲ್ಲಿ ಅಂಥ ದಾರಿ ಮಸುಕಾಗಿ ಕಾಣುತ್ತದೆ. ಈ ವ್ಯತ್ಯಾಸವನ್ನು ಎಲ್ಲ ಆ್ಯಪ್‌ಗಳೂ ಅಷ್ಟೇ ಸ್ಪಷ್ಟವಾಗಿ ತೋರಿಸುವುದಿಲ್ಲ ಎಂಬುದು ಕೊರತೆಯೇ. ಯಾರೂ ತಿದ್ದದಿದ್ದರೆ ನಕ್ಷೆ ತಾನಾಗಿ ಜವಾಬ್ದಾರಿ ಕಲಿಯುವುದಿಲ್ಲ, ಆದರೆ ತಿದ್ದುವ ಅಧಿಕಾರವನ್ನು ನಡೆಯುವವನ ಕೈಗೇ ಕೊಟ್ಟಿರುವುದು ಈ ಹೋಲಿಕೆಯಲ್ಲಿ ಇದೊಂದೇ.

ಆದರೂ ನಕ್ಷೆಗೊಂದು ಮಿತಿಯುಂಟು. ಬಯಲಿನಲ್ಲಿಯೂ ಫೋನಿನ ಜಿಪಿಎಸ್ ಸುಮಾರು 5 ಮೀಟರಿನಷ್ಟು ಆಚೀಚೆ ತೋರಿಸಬಲ್ಲದು, ಮರಗಳ ನಡುವೆ ಅದು ಇನ್ನೂ ಹೆಚ್ಚಾಗುತ್ತದೆ. ಮಳೆ ಬಂದಾಗ ಕೆಸರನ್ನು ತಪ್ಪಿಸಲೆಂದು ಜನ ಪಕ್ಕಕ್ಕೆ ಸರಿದು ನಡೆದು, ಒಂದು ಕಾಲುದಾರಿ ಮೂರಾಗಿ ಅಗಲಗೊಳ್ಳುತ್ತದಲ್ಲ, ಆ ಮೂರರಲ್ಲಿ ನಾವು ಯಾವುದರ ಮೇಲಿದ್ದೇವೆ ಎಂಬುದನ್ನು ಯಾವ ಆ್ಯಪ್ ಕೂಡ ಹೇಳಲಾರದು. ಆಗ ಹಳೆಯ ಬೂಟು ಹಾಕಿಕೊಂಡು ಕೆಸರಿನ ನಡುವೆಯೇ ನಡೆಯಬೇಕು.

ಗಿಡ, ಪ್ರಾಣಿಗಳನ್ನು ಚಿತ್ರದಿಂದ ಗುರುತಿಸುವ ಐನ್ಯಾಚುರಲಿಸ್ಟ್‌ನ ಪರಿಣಾಮ ಮೊದಲು ತಟ್ಟುವುದು ನಡಿಗೆಯ ವೇಗಕ್ಕೆ. ಬಂಡೆಯ ಮೇಲೆ ಬಿಸಿಲು ಕಾಯುವ ಓತಿಯನ್ನೋ, ಮಳೆಯ ನಂತರ ಕಲ್ಲಿನ ತಗ್ಗಿನಲ್ಲಿ ಹುಟ್ಟುವ ಪುಟ್ಟ ಗಿಡವನ್ನೋ ಚಿತ್ರ ತೆಗೆದು ಗುರುತಿಸುವ ಅಭ್ಯಾಸವಾದವನಿಗೆ ಬಂಡೆಯೂ ಒಂದು ಮನೆಯೆಂದು ತಿಳಿಯುತ್ತದೆ, ಹಾಗೆ ತಿಳಿದವನು ಅದರ ಮೇಲೆ ಎಲ್ಲೆಂದರಲ್ಲಿ ಕಾಲಿಡುವುದಿಲ್ಲ. ಅಪಾಯದಂಚಿನ ಪ್ರಭೇದಗಳ ನಿಖರ ಸ್ಥಳವನ್ನು ಅದು ತಾನಾಗಿ ಮರೆಮಾಡಿ, ಅಕ್ಷಾಂಶ ರೇಖಾಂಶಗಳಲ್ಲಿ 0.2 ಡಿಗ್ರಿಯಷ್ಟು ವಿಸ್ತಾರದ ಚೌಕದೊಳಗೆ ಎಲ್ಲೋ ಒಂದು ಬಿಂದುವನ್ನು ತೋರಿಸುತ್ತದೆ. ಆ ಚೌಕದ ಪ್ರತಿ ಬದಿಯೂ 20 ಕಿಲೋಮೀಟರಿಗಿಂತ ಉದ್ದ; ತುರಹಳ್ಳಿ ಅದರಲ್ಲಿ ಕಳೆದೇಹೋಗುತ್ತದೆ. ಆದರೆ ಟಿಟ್ಟಿಭದಂಥ ಸಾಮಾನ್ಯ ಹಕ್ಕಿಗೆ ಈ ರಕ್ಷಣೆ ತಾನಾಗಿ ಸಿಗುವುದಿಲ್ಲ, ಮತ್ತು ನೆಲದ ಮೇಲೆಯೇ ಮೊಟ್ಟೆಯಿಡುವುದು ಇಂಥ ಹಕ್ಕಿಗಳೇ. ಗೂಡಿನ ಚಿತ್ರವನ್ನು ಹಾಕಲೇಬೇಕೆನಿಸಿದರೆ ಸ್ಥಳವನ್ನು ‘ಅಬ್‌ಸ್ಕ್ಯೂರ್ಡ್’ ಎಂದು ನಾವೇ ಬದಲಿಸಬೇಕು. ಹಾಕದೇ ಇರುವುದು ಇನ್ನೂ ಮೇಲು. ಒಳ್ಳೆಯ ಚಿತ್ರದ ಆಸೆ ದಾರಿ ಬಿಟ್ಟು ನಾಲ್ಕು ಹೆಜ್ಜೆ ಒಳಗಿಡಿಸುತ್ತದೆ ಎಂಬ ಅಪಾಯ ಇಲ್ಲಿ ಎಲ್ಲಕ್ಕಿಂತ ಹೆಚ್ಚು, ಹಾಗಾಗಿ ಇದಕ್ಕೆ ನಾನು ಎರಡನೆಯ ಸ್ಥಾನ ಕೊಡುತ್ತೇನೆ.

ಹಕ್ಕಿಯ ದನಿ ಗುರುತಿಸುವ ಮರ್ಲಿನ್ ದಾರಿಯ ಮೇಲೆ ನಿಂತಲ್ಲಿಂದಲೇ ಕೆಲಸ ಮಾಡುವುದರಿಂದ ಆ ಆಸೆಗೆ ಒಳ್ಳೆಯ ಮದ್ದು. ಅದರೊಳಗಿನ ಧ್ವನಿಮುದ್ರಣಗಳನ್ನು ಮಾತ್ರ ಇಯರ್‌ಫೋನಿನಲ್ಲೇ ಕೇಳಬೇಕು. ಗೂಡುಕಟ್ಟುವ ಕಾಲದಲ್ಲಿ ಸ್ಪೀಕರಿನಲ್ಲಿ ಹಾಕಿದರೆ, ತನ್ನ ಗಡಿಯೊಳಗೆ ಪ್ರತಿಸ್ಪರ್ಧಿ ಬಂದನೆಂದು ಹಕ್ಕಿ ಗೂಡನ್ನು ಬಿಟ್ಟು ಹುಡುಕತೊಡಗುತ್ತದೆ. ಮರಗಳಿಗೆ ಹಚ್ಚುವ ಕ್ಯೂಆರ್ ಫಲಕಗಳನ್ನೂ ನಗರದ ಉದ್ಯಾನಗಳಲ್ಲಿ ಬಳಸಿ ನೋಡಿದೆ. ಅವು ಮರದ ಹೆಸರು ಕಲಿಸುತ್ತವೆ, ನಡತೆಯ ವಿಚಾರದಲ್ಲಿ ಅವುಗಳ ಪಾತ್ರ ಅಷ್ಟಕ್ಕಷ್ಟೇ.

ಒಬ್ಬರೇ ನಡೆಯುವವರಿಗೆ ಆರ್ಗಾನಿಕ್ ಮ್ಯಾಪ್ಸ್ ಸಾಕು, ಮಕ್ಕಳೊಂದಿಗೆ ಹೋಗುವವರು ಅದರ ಜೊತೆಗೆ ಐನ್ಯಾಚುರಲಿಸ್ಟನ್ನು ಇಟ್ಟುಕೊಳ್ಳಲಿ. ಸ್ಟ್ರಾವಾ ಬಿಡಲಾರದವರು ಅದನ್ನು ಜೇಬಿನಲ್ಲೇ ಓಡಲು ಬಿಟ್ಟು, ದಾರಿ ಹುಡುಕಲು ನಕ್ಷೆಯನ್ನು ನೋಡಬಹುದು. ಎರಡೂ ಒಂದೇ ಫೋನಿನಲ್ಲಿ ನೆಮ್ಮದಿಯಾಗಿ ನಡೆಯುತ್ತವೆ. ಭಾನುವಾರ ಗುಂಪುಗಳನ್ನು ಕರೆದೊಯ್ಯುವವರಿಗೆ ಇನ್ನೊಂದು ಕೆಲಸವಿದೆ: ನಡೆದ ದಾರಿಯ ದಾಖಲೆಯಿರುವ ತಮ್ಮ ಜಿಪಿಎಕ್ಸ್ ಕಡತವನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚುವ ಮೊದಲು, ಬಂಡೆ ಹತ್ತಲು ಪಕ್ಕಕ್ಕೆ ಹೋಗಿಬಂದ ತುಂಡುಗಳನ್ನು ಅದರಿಂದ ಕತ್ತರಿಸಿ ತೆಗೆಯಬೇಕು. ಇಲ್ಲವಾದರೆ ಮುಂದಿನ ವಾರ ಅದೇ ಕಡತ ಹಿಡಿದು ಬರುವವರು ಆ ತುಂಡುಗಳನ್ನೂ ದಾರಿಯೆಂದೇ ನಡೆಯುತ್ತಾರೆ.